ಗುಡ್ಡದ ಬೆಂಕಿ ಕಾವಲಿಗೆ ಬುತ್ತಿ ಒಯ್ದ ದಿನ

ಕುಲಗೋಡದಿಂದ ಗೋಕಾಕಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಹೆಂಗಸರು ಈಗ ದುಡ್ಡು ಕೊಡಬೇಕಾಗಿಲ್ಲ, ಜಗಳವಾಡಿ ಸೀಟು ಹಿಡಿದರೆ ಸಾಕು. ಹಿಡಿದೆ. ತೊಡೆಯ ಮೇಲೆ ಬುತ್ತಿಯ ಗಂಟು: ಖಡಕ್ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಮ್ಮ ಮನೆಯವರು ಹಿಡಕಲ್ ಜಲಾಶಯದ ಆಚೆಯ ಗುಡ್ಡದಲ್ಲಿ ಅರಣ್ಯ ಇಲಾಖೆಯ ಬೆಂಕಿ ಕಾವಲಿಗೆ ಇದ್ದರು. ಸಂಕ್ರಾಂತಿ ಮುಗಿಸಿ ಹೋದವರು ಶಿವರಾತ್ರಿ ಕಳೆದರೂ ಬಂದಿರಲಿಲ್ಲ. ಹುಲ್ಲು ಒಣಗಿ ನಿಂತಿರುವಾಗ ಕಾವಲಿನವರಿಗೆ ರಜೆ ಸಿಗುವುದಿಲ್ಲ. ಹಾಗಾದರೆ ನಾನೇ ಹೋಗಿ, ಎದುರು ಕೂತು ಒಂದು ಹೊತ್ತು ಕೂಡಿ ಉಂಡು ಬರುತ್ತೇನೆಂದು ಹಟ ಹಿಡಿದು ಹೊರಟಿದ್ದೆ.

ಗೋಕಾಕದಲ್ಲಿ ಚಹಾ ಕುಡಿದು ಹಿಡಕಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬು ಕಡಿದ ಹೊಲಗಳು, ಅವುಗಳ ತುಂಬ ಒಣಗಿದ ಸೋಗೆ. ನಮ್ಮ ಕಡೆ ಅದಕ್ಕೆ ರವದಿ ಅನ್ನುತ್ತೇವೆ. ಬಾಜೂದ ಹೆಂಗಸು ಗಂಟು ಮೂಸಿ ನೋಡಿ ಕೇಳಿದಳು.

"ಬುತ್ತಿ ಯಾರಿಗ್ರಿ ಅಕ್ಕಾರ?"

"ನಮ್ಮ ಮನಿಯವ್ರಿಗ್ರಿ. ಗುಡ್ಡಾ ಕಾಯಾಕತ್ತಾರ."

"ಗುಡ್ಡೇನ ಓಡಿ ಹೋಗತೈತೇನ್ರಿ?"

ಇಬ್ಬರೂ ನಕ್ಕೆವು. ಒಳಗೊಳಗೆ ಮಾತ್ರ ಆ ಗುಡ್ಡದ ಮೇಲೆ ನನಗೆ ಸವತಿಯ ಮೇಲಿನಷ್ಟೇ ಸಿಟ್ಟಿತ್ತು.

ಹಿಡಕಲ್‌ನಲ್ಲಿ ಇಳಿದು ಬಿಸಿಲಲ್ಲಿ ನಡೆದೆ. ಗುಡ್ಡದ ಬುಡದಲ್ಲಿ ಅವರು ನಿಂತಿದ್ದರು. ಕಪ್ಪಾಗಿದ್ದರು, ಕೆನ್ನೆ ಒಳಗೆ ಹೋಗಿತ್ತು. ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು. ಜೊತೆಯ ಕಾವಲಿನವರಿದ್ದರೆಂದು ಸೆರಗು ಸರಿಮಾಡಿಕೊಂಡು ನಿಂತೆ. ಹತ್ತುವಾಗ ತಾವು ಮಾಡಿದ ಬೆಂಕಿ ಗೆರೆ ತೋರಿಸಿದರು. ಹುಲ್ಲು ಕೆತ್ತಿ, ಎಲೆ ಗುಡಿಸಿ, ಬರಿ ಮಣ್ಣು ಕಾಣುವಂತೆ ಗುಡ್ಡದ ಸುತ್ತ ಮಾಡಿದ ಗಾಡಿಯಗಲದ ಪಟ್ಟಿ ಅದು. ಕೆಳಗಿನಿಂದ ಬೆಂಕಿ ಬಂದರೆ ಅಲ್ಲಿ ಸುಡಲು ಏನೂ ಸಿಗಬಾರದು. ಮನೆಯ ಅಂಗಳದಲ್ಲಿ ಒಂದು ದಿನವೂ ಕಸಬರಿಗೆ ಹಿಡಿಯದ ಮನುಷ್ಯ ಇಡೀ ಗುಡ್ಡ ಗುಡಿಸಿದ್ದರು!

ಮೇಲೆ ಮರದ ನೆರಳಲ್ಲಿ ಗಂಟು ಬಿಚ್ಚಿದೆ. "ಪಲ್ಯ ಬಿಸಿ ಮಾಡ್ಲ್ಯಾ?" ಎಂದೆ.

"ಬ್ಯಾಡ ಕಸ್ತೂರಿ. ಇಲ್ಲಿ ನಾವು ಒಲಿ ಹಚ್ಚೂದಿಲ್ಲ. ಹೊಗಿ ಕಂಡ್ರ ಆಚಿ ಗುಡ್ಡದವ್ರು ಓಡಿ ಬರ್ತಾರ."

ರೊಟ್ಟಿ ಮುರಿದು ಅವರ ಕೈಗೆ ಕೊಡುವಷ್ಟರಲ್ಲಿ ಅವರ ಕಣ್ಣು ನನ್ನ ಹಿಂದೆ ಹೋಯಿತು. ಕೆಳಗಿನ ಹೊಲದಿಂದ ಹೊಗೆ ಏಳುತ್ತಿತ್ತು. ರೊಟ್ಟಿ ಕೆಳಗಿಟ್ಟು, ಫೋನಿನಲ್ಲಿ ಕೂಗುತ್ತಲೇ ಓಡಿದರು. ನಾನು ಗಂಟು ಕಟ್ಟಿ ಕೊಂಬೆಗೆ ನೇತುಹಾಕಿ, ನೀರಿನ ಕ್ಯಾನು ಹೊತ್ತು ಹಿಂದೆ ಇಳಿದೆ.

ಬೆಂಕಿ ಹೊಲ ದಾಟಿ ಗುಡ್ಡದ ಹುಲ್ಲಿಗೆ ಹತ್ತಿತ್ತು. ಎಲ್ಲರೂ ಬೇವಿನ ಹಸಿ ಟೊಂಗೆ ಮುರಿದು ಬಡಿಯತೊಡಗಿದರು. ಒಮ್ಮೆ ಹೊಗೆಯಲ್ಲಿ ನಮ್ಮವರು ಕಾಣದಾದಾಗ ಕ್ಯಾನು ಕೆಳಗಿಟ್ಟು "ಎಲ್ಲದೀರಿ?" ಎಂದು ಕೂಗಿದೆ. ಕೊನೆಗೆ ಉರಿ ಆ ಬೆಂಕಿ ಗೆರೆಗೆ ಬಂದು ನಿಂತಿತು. ಒಂದೆರಡು ಕಡೆ ಕಿಡಿ ಹಾರಿ ಆಚೆ ಬಿತ್ತು, ಅಲ್ಲಿಯೂ ಓಡಿ ಹೋಗಿ ಆರಿಸಿದರು.

ಹೊಲದ ಬದುವಿನ ಮೇಲೆ ಅದರ ಒಡೆಯ, ಕಾವಲಿನವರೆಲ್ಲ ದುಂಡಪ್ಪ ಕಾಕಾ ಎಂದು ಕರೆಯುವವನು, ತಲೆ ಹಿಡಿದು ಕೂತಿದ್ದ. ರವದಿಗೆ ಬೆಂಕಿ ಹಚ್ಚಿದವನು ಅವನೇ.

"ನಾಳೆ ನನ್ನ ನೀರಿನ ಪಾಳಿ ಐತಿ ತಂಗಿ. ಅದರಾಗ ಹೊಲ ಸ್ವಚ್ಛ ಆಗಬೇಕಿತ್ತು, ಗಡಿಬಿಡಿ ಆತು. ಮೂರೂ ಬಾಜೂ ರವದಿ ಸರಿಸೇನಿ. ಮಂದಿ ಕಬ್ಬು ಸುಟ್ರ ಸುಮ್ನ ಬಿಡ್ತಾರೇನು? ಗುಡ್ಡದ ಕಡೆ ಯಾರ ಹೊಲ ಐತಿ ಅಂತ ಹಂಗ ಬಿಟ್ಟೆ."

"ಗುಡ್ಡದ ಕಡೆ ನಮ್ಮ ಮನಿಯವ್ರು ಅದಾರ್ರಿ ಕಾಕಾ," ಎಂದೆ.

ಉರಿ ಆರಿದರೂ ಕೆಂಡ ತಣ್ಣಗಾಗುವವರೆಗೆ ಕಾವಲಿನವರು ಜಾಗ ಬಿಡುವಂತಿರಲಿಲ್ಲ. ನನಗೆ ಸಂಜೆಯ ಬಸ್ಸು ತಪ್ಪಿಸುವಂತಿರಲಿಲ್ಲ. "ಕಾಕಾ ಬಸ್ಸಿಗೆ ಬಿಟ್ಟು ಬರ್ತಾನ, ಹೋಗು" ಎಂದು ಮನೆಯವರು ದೂರದಿಂದಲೇ ಕೂಗಿದರು. ಕಾಕಾನ ಬೈಕಿನ ಹಿಂದೆ ಕೂತು ತಿರುಗಿ ನೋಡಿದೆ. ಅವರು ಬೆನ್ನು ಮಾಡಿ ಬೂದಿ ಕೆದಕುತ್ತಿದ್ದರು.

ಗೋಕಾಕದಲ್ಲಿ ನಮ್ಮೂರ ಬಸ್ಸು ಹತ್ತಿದ ಮೇಲೆ ಫೋನು ಬಂತು.

"ಊಟ ಆತು. ಎಣಗಾಯಿ ಭಾಳ ಛಲೋ ಆಗಿತ್ತು. ಎಲ್ಲಾರೂ ಕೂಡಿ ಉಂಡಿವಿ. ಕಾಕಾನೂ ಉಂಡ."

"ಬೆಂಕಿ ಹಚ್ಚಿದಾವ್ಗೂ ನೀಡಿದ್ರ್ಯಾ?"

"ಮುಂಜಾನಿಂದ ಹಸದಿದ್ದ, ಪಾಪ." ಆಮೇಲೆ ದನಿ ತಗ್ಗಿಸಿ, "ಎಲ್ಲಾರೂ ಇದ್ರು ಕಸ್ತೂರಿ. ನೀ ಒಬ್ಬಾಕಿ ಇರಲಿಲ್ಲ," ಎಂದರು.

ಜಗಳಕ್ಕೆ ಬಾಯಿ ತೆರೆದಿದ್ದವಳು "ಯಾವಾಗ ಬರ್ತೀರಿ?" ಎಂದಷ್ಟೇ ಕೇಳಿದೆ.

"ಒಂದು ಅಡ್ಡಮಳಿ ಆಗಲಿ. ಹುಲ್ಲು ಹಸಿ ಆದ್ರ ಬಿಡ್ತಾರ."

ಹಿಂದಿನ ಸೀಟಿನಲ್ಲಿ ರೈತರು ಮಾತಾಡುತ್ತಿದ್ದರು. ಕಬ್ಬು ಇನ್ನೂ ಕಡಿಯುವುದಿದೆ, ಈಗ ಮಳೆಯಾದರೆ ಟ್ರ್ಯಾಕ್ಟರು ಹೊಲಕ್ಕೆ ಇಳಿಯುವುದಿಲ್ಲ, ದೇವರ ದಯೆಯಿಂದ ಇನ್ನಷ್ಟು ದಿನ ಬರದಿರಲಿ ಎನ್ನುತ್ತಿದ್ದರು. ನಮ್ಮ ಹೊಲದ ಕಬ್ಬೂ ಇನ್ನೂ ನಿಂತೇ ಇತ್ತು. ಆದರೂ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೋಡ ಹುಡುಕಿದೆ.