ಎರಡನೆಯ ಬ್ರೇಕು

ಅವಳ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಒಂದೇ ಕಾಲಲ್ಲಿ ನಡೆಯುತ್ತೀರಾ ಎಂದು ರಿಪೇರಿಯವನು ಪ್ರತಿ ಸಲವೂ ತಮಾಷೆ ಮಾಡುತ್ತಿದ್ದ. ಅವಳು ನಡೆದು ಸವೆಸಿದ್ದಲ್ಲ, ಒತ್ತಿ ಸವೆಸಿದ್ದು. ಕಾರು ಓಡಿಸಲು ಕಲಿಸುವುದು ಅವಳ ಕೆಲಸ. ಅಂಥ ಕಾರಿನಲ್ಲಿ ಕಲಿಯುವವರ ಕಾಲಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಬಳಿ ಇನ್ನೊಂದು. ಸ್ಟಿಯರಿಂಗ್ ಹಿಡಿದವರಿಗೆ ಎದುರಿನ ಸೈಕಲ್ಲು ಕಾಣುವ ಮೊದಲೇ ಅವಳ ಪಾದ ಅದನ್ನು ಕಂಡಿರುತ್ತಿತ್ತು. ಜನ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆಯೂ, ಎದುರಿಗೂ. ಇಷ್ಟು ವರ್ಷದಲ್ಲಿ ಅವಳ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಅದು ಅವಳ ಹೆಮ್ಮೆ.

ಈಗ ಆ ಕಾಲಿನ ಮಂಡಿ ಮುನಿಸಿಕೊಂಡಿತ್ತು. ಸಂಜೆ ಕಾರಿನಿಂದ ಇಳಿದು, ಬಾಗಿಲು ಹಿಡಿದು, ಮಂಡಿಯ ಮುನಿಸು ಇಳಿಯುವವರೆಗೆ ನಿಲ್ಲಬೇಕಾಗುತ್ತಿತ್ತು. ಕಾರಿಗೂ ವಯಸ್ಸಾಗಿತ್ತು, ಬರುವ ವರ್ಷ ಅದಕ್ಕೆ ಪರವಾನಗಿ ಸಿಗುವುದಿಲ್ಲ. ಬದಲಿ ಕಾರಿಗೆಂದು ಅವಳೂ ತಮ್ಮನೂ ಸೇರಿ ಹಣ ಎತ್ತಿಟ್ಟಿದ್ದರು. ತಮ್ಮ ಮೆಕ್ಯಾನಿಕ್. ಮನೆಗೆ ಅಂಟಿಕೊಂಡ ಶೆಡ್ಡು ಅವನ ಗ್ಯಾರೇಜು, ಶೆಡ್ಡಿನ ಮೂಲೆಯ ಮೇಜು ಅವಳ ಆಫೀಸು. ಮೇಜಿನ ಮೇಲೆ ಎಷ್ಟು ಒರೆಸಿದರೂ ಗ್ರೀಸಿನ ಬೆರಳಚ್ಚು.

ಕೂತು ಮಾಡುವ ಕೆಲಸ ಬೇಕು ಎಂದು ಅವಳು ಒಂದು ದಿನ ಹೇಳಿದಾಗ ತಮ್ಮ ಕಾರಿನಡಿಯಿಂದ ತಲೆ ಹೊರಹಾಕಿದ.

"ಈಗೇನು ನಿಂತು ಮಾಡ್ತಿದ್ದೀಯಾ ಅಕ್ಕಾ?"

ಅವಳು ತನ್ನ ಬಲಮಂಡಿಯನ್ನು ತೋರಿಸಿದಳು. ಮರುದಿನವೇ ಅವಳು ಜೆರಾಕ್ಸ್ ಅಂಗಡಿಯ ಮಹಡಿ ಹತ್ತಿ ಶೇರು ವ್ಯವಹಾರದ ಕೋರ್ಸಿಗೆ ಹಣ ಕಟ್ಟಿ ಬಂದಳು.

ಕಲಿಸುವವನು ಯಾರೆಂದು ನೋಡಿದರೆ ಅವಳ ಹಳೆಯ ಶಿಷ್ಯ. ನಾಲ್ಕು ರಸ್ತೆ ಕೂಡುವಲ್ಲಿ ಎಂಜಿನ್ ನಿಲ್ಲಿಸಿಕೊಂಡು, ಹಿಂದಿನವರ ಹಾರ್ನಿಗೆ ಬೆವರಿ, ಇಳಿದು ಓಡಿಹೋಗಲು ಬಾಗಿಲು ತೆರೆದಿದ್ದವನು. ಈಗ ಅಚ್ಚುಕಟ್ಟಾದ ಅಂಗಿ, ಬಿಳಿ ಹಲಗೆಯ ಮುಂದೆ ನಿಂತ ಮೇಷ್ಟರು. ಅವಳು ಎಲ್ಲರಂತೆ ಸರ್ ಎಂದಾಗ ಅವನ ಕಿವಿ ಕೆಂಪಾಯಿತು.

"ನೀವು ಸರ್ ಅನ್ಬೇಡಿ ಮೇಡಂ."

"ಫೀಸು ಕಟ್ಟಿದ್ದೀನಲ್ಲ, ಅಂದೇ ಅಂತೀನಿ."

ಕೋರ್ಸು ಮೋಸದ್ದಾಗಿರಲಿಲ್ಲ. ಕಂಪನಿಯ ಲೆಕ್ಕ ಹೇಗೆ ಓದಬೇಕು, ಬೆಲೆಯ ಗೆರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಅವನು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದ. ಒಂದು ನಿಯಮವನ್ನು ಮಾತ್ರ ದಿನವೂ ಹೇಳುತ್ತಿದ್ದ: ಶೇರು ಕೊಳ್ಳುವ ಮೊದಲೇ, ಅದು ಬಿದ್ದರೆ ಎಷ್ಟಕ್ಕೆ ಮಾರುತ್ತೀರಿ ಎಂದು ಗುರುತು ಹಾಕಿಕೊಳ್ಳಿ, ಅಲ್ಲಿಗೆ ಬರುವವರೆಗೆ ಮುಟ್ಟಬೇಡಿ. ಪರದೆಯ ಮೇಲಿನ ಸುಳ್ಳು ಹಣದ ಅಭ್ಯಾಸದಲ್ಲಿ ಅವಳೇ ತರಗತಿಗೆ ಮೊದಲು. ಪಕ್ಕದಲ್ಲಿ ಕೂರುತ್ತಿದ್ದ ಔಷಧಿ ಅಂಗಡಿಯವರು ಅವಳ ಪರದೆಯನ್ನೇ ಇಣುಕಿ ನೋಡಿ ಕೊಳ್ಳಲು ಶುರುಮಾಡಿದ್ದರು.

ನಿಜವಾದ ಹಣ ಹಾಕಿದ ಮೇಲೆ ಎಲ್ಲ ತಲೆಕೆಳಗಾಯಿತು. ಸ್ವಲ್ಪವೇ ಹಣ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ಬೆಲೆ ತುಸು ಜಗ್ಗಿದರೆ ಸಾಕು, ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದರ ಹಿಂದೆಯೇ ಬೆರಳು ಮಾರುವ ಗುಂಡಿಯನ್ನು ಒತ್ತುತ್ತಿತ್ತು. ತಾನೇ ಹಾಕಿಕೊಂಡ ಗುರುತು ಇನ್ನೂ ಎಷ್ಟೋ ಕೆಳಗಿರುತ್ತಿತ್ತು. ಅವಳು ಮಾರಿದ ಶೇರು ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮೇಲೇರಿ ಕೂತಿರುತ್ತಿತ್ತು. ಆರಿಸಿದ್ದು ಸರಿ, ಬಿಟ್ಟಿದ್ದು ತಪ್ಪು. ಮತ್ತೆ ಮತ್ತೆ ಅದೇ. ಹೊರಗೆ ತಮ್ಮ ಸ್ಪ್ಯಾನರ್ ಕುಟ್ಟುವ ಸದ್ದಿಗೂ ಅವಳ ಕಾಲು ನೆಲ ಒತ್ತುತ್ತಿತ್ತು.

ಇದಕ್ಕೆ ಮದ್ದು ಎರಡನೆಯ ಕೋರ್ಸು ಎಂದು ಹಳೆಯ ಶಿಷ್ಯ ಹೇಳಿದ. ಅದರಲ್ಲಿ ಪಾಠವಿಲ್ಲ. ವ್ಯವಹಾರದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಜೊತೆಗಿರುತ್ತಾನೆ; ಈಗ ಹಿಡಿಯಿರಿ, ಈಗ ಬಿಡಿ ಎಂದು ಹೇಳುತ್ತಾನೆ. ಅದರ ಫೀಸು ಕೇಳಿ ಅವಳು ಲೆಕ್ಕ ಹಾಕಿದಳು. ಬದಲಿ ಕಾರಿಗೆ ಇಟ್ಟ ಹಣ ಪೂರ್ತಿ ಬೇಕು. ತಮ್ಮ ಒಂದು ಹಳೆಯ ಕಾರು ನೋಡಿ ಇಟ್ಟಿದ್ದ. ಒಳ್ಳೆಯ ಎಂಜಿನ್, ಎರಡನೆಯ ಬ್ರೇಕನ್ನು ತಾನೇ ಜೋಡಿಸಬಲ್ಲ. ಕೊಳ್ಳುವುದಾದರೆ ವಾರದೊಳಗೆ ಮಾತು ಕೊಡಿ ಎಂದು ಅದರ ಒಡೆಯ ಹೇಳಿದ್ದ. ಕಾರು ಹೋದರೆ ಕಲಿಸುವುದು ಹೋಗುತ್ತದೆ. ಕೋರ್ಸು ಬಿಟ್ಟರೆ, ಈ ಮಂಡಿ ಸೋತ ದಿನ ಕೈಯಲ್ಲಿ ಏನೂ ಇರುವುದಿಲ್ಲ.

"ನಿನ್ನ ದುಡ್ಡೂ ಅದರಲ್ಲಿದೆ. ನೀನೇನಂತೀಯಾ?" ಎಂದು ತಮ್ಮನನ್ನು ಕೇಳಿದಳು.

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ನಿಂತ. "ಮೊದಲನೇ ಕೋರ್ಸಲ್ಲಿ ಬಂತಾ ಏನಾದ್ರೂ?"

"ಶೇರಲ್ಲಿ ಬರ್ಲಿಲ್ಲ."

"ಇನ್ನೆಲ್ಲಿ ಬಂತು?"

ಅದು ತನಗೇ ತಿಳಿಯುವವರೆಗೆ ಯಾವ ಕಡೆಗೂ ಹಣ ಕೊಡುವುದಿಲ್ಲ ಎಂದು ನಿಶ್ಚಯಿಸಿದಳು.

ಆ ವಾರ ಅವಳ ಹತ್ತಿರ ಕಲಿಯುತ್ತಿದ್ದ ಆಸ್ಪತ್ರೆಯ ನರ್ಸಮ್ಮ ಮತ್ತೆ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ ಬಂದರು. ಅವಳ ಜೊತೆಯಲ್ಲಿ ಹೂವಿನ ಹಾಗೆ ಓಡಿಸುವ ಹೆಂಗಸು. ಪರೀಕ್ಷೆಯ ದಿನ ಮಾತ್ರ ಅಲ್ಲಿನ ಪ್ಲಾಸ್ಟಿಕ್ ಕಂಬಕ್ಕೆ ತಾಗಿಸಿ ಇಳಿಯುತ್ತಿದ್ದರು. ನೀವು ಪಕ್ಕದಲ್ಲಿದ್ದರೆ ಹೀಗಾಗುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಅವಳು ಪರೀಕ್ಷೆಯ ಅಧಿಕಾರಿಯನ್ನು ಬೈದು ಸಮಾಧಾನ ಹೇಳಿದಳು.

ಹೊಸಬರು ಬಂದಾಗ ಮೊದಲ ದಿನ ಅವಳು ಅವರನ್ನು ಸ್ಟಿಯರಿಂಗಿಗೆ ಕೂರಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಒಂದು ಸುತ್ತು ಓಡಿಸುತ್ತಿದ್ದಳು. ಕಲಿಸುವವರು ಹೇಗೆ ಓಡಿಸುತ್ತಾರೆ ಎಂದು ನೋಡದೆ ಯಾರೂ ಹಣ ಕಟ್ಟಬಾರದು ಎಂಬುದು ಅವಳ ಪದ್ಧತಿ. ಅದನ್ನೇ ಮೇಷ್ಟರ ಹತ್ತಿರ ಕೇಳಿದಳು: ನಾಳೆ ಬೆಳಿಗ್ಗೆ ನಿನ್ನ ಸ್ವಂತ ಹಣದಲ್ಲಿ ನೀನು ವ್ಯವಹಾರ ಮಾಡು, ನಾನು ಪಕ್ಕದಲ್ಲಿ ಕೂರುತ್ತೇನೆ. ಅವನು ತಡವರಿಸಿದ. ಯಾರೂ ಹಾಗೆ ಕೇಳಿರಲಿಲ್ಲವಂತೆ. ಕೊನೆಗೆ ಒಪ್ಪಿದ.

ಅವನದು ಬಾಡಿಗೆ ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಒಣಹಾಕಿದ ಯಾರದೋ ಬೆಡ್‌ಶೀಟು. ಅವನು ಎರಡು ಲೋಟ ಚಹಾ ತಂದಿಟ್ಟು ಪರದೆಯ ಮುಂದೆ ಕೂತ. ಬೆಲೆಗಳು ಏರಿದವು, ಇಳಿದವು. ಅವಳ ಕಾಲು ಕುರ್ಚಿಯಡಿ ಒತ್ತುತ್ತಲೇ ಇತ್ತು. ಅವನು ಏನೂ ಮಾಡಲಿಲ್ಲ. ಚಹಾ ಮುಗಿಯಿತು, ಬೆಡ್‌ಶೀಟಿನ ನೆರಳು ಗೋಡೆಯಿಂದ ನೆಲಕ್ಕಿಳಿಯಿತು, ಅವನು ಒಂದನ್ನೂ ಕೊಳ್ಳಲಿಲ್ಲ, ಮಾರಲಿಲ್ಲ.

"ಹೀಗೇ ಕೂರ್ತೀಯಾ?"

"ಹೆಚ್ಚಿನ ದಿನ ಹೀಗೇ ಮೇಡಂ. ಇದನ್ನ ತೋರಿಸಿದ್ರೆ ಯಾರು ದುಡ್ಡು ಕೊಡ್ತಾರೆ?"

"ಈ ಕೋಣೆ ಬಾಡಿಗೆ ಯಾವುದರಿಂದ?"

ಅವನು ತಲೆ ತಗ್ಗಿಸಿದ. "ಕ್ಲಾಸಿಂದಾನೇ. ಶೇರಲ್ಲಿ ಬರುತ್ತೆ, ಹೋಗುತ್ತೆ. ಅದನ್ನ ನಂಬ್ಕೊಂಡು ಬಾಡಿಗೆ ಕಟ್ಟೋಕಾಗಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ. ಇಳಿದು ಓಡಲು ಬಾಗಿಲು ತೆರೆದಿದ್ದ ಅದೇ ಮುಖ ಎದುರಿಗಿತ್ತು. ಇನ್ನೊಂದೇ ಪ್ರಶ್ನೆ ಉಳಿದಿತ್ತು. ನೀನು ಫೋನಿನಲ್ಲಿ ಜೊತೆಗಿದ್ದರೆ ನಾನು ಕಲಿಯುತ್ತೇನಾ ಎಂದು ಕೇಳಿದಳು.

ಅವನು ಖಾಲಿ ಲೋಟವನ್ನು ಪಕ್ಕಕ್ಕಿಟ್ಟ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಬ್ರೇಕ್ ಹಾಕೋದು ಕಲಿತಿದ್ದು ನಿಮ್ಮ ಕಾರಲ್ಲಲ್ಲ. ನಮ್ಮ ಮಾವನ ಕಾರಲ್ಲಿ."

"ಅವರು ಚೆನ್ನಾಗಿ ಕಲಿಸಿದ್ರಾ?"

"ಏನೂ ಕಲಿಸ್ಲಿಲ್ಲ. ಪಕ್ಕದಲ್ಲಿ ನಿದ್ದೆ ಮಾಡ್ತಿದ್ರು. ಆ ಕಾರಲ್ಲಿ ನಿಮ್ಮ ಕಾಲಿರ್ಲಿಲ್ಲ, ಅಷ್ಟೇ."

ಕಿಟಕಿಯಾಚೆ ಯಾರೋ ಬೆಡ್‌ಶೀಟನ್ನು ಎಳೆದುಕೊಂಡರು. ಕೋಣೆಗೆ ಬಿಸಿಲು ಬಂತು. ಅವಳು ಎದ್ದಾಗ ಮಂಡಿ ಕಿರುಗುಟ್ಟಿತು. ಬಾಗಿಲಲ್ಲಿ ತಿರುಗಿ, ನಿನ್ನ ಎರಡನೆಯ ಕೋರ್ಸು ನನಗೆ ಬೇಡ ಎಂದಳು. ಮೊದಲನೆಯದನ್ನು ಬಿಡಬೇಡ, ಅದು ಕೊಟ್ಟ ಹಣಕ್ಕೆ ಸರಿಯಾಗಿದೆ, ಎಂದೂ ಸೇರಿಸಿದಳು.

ಶೆಡ್ಡಿಗೆ ಬಂದು ಕಾರಿನವರಿಗೆ ಮಾತು ಕೊಡು ಎಂದಾಗ ತಮ್ಮ ಹುಬ್ಬೇರಿಸಿದ. ಕೋರ್ಸಲ್ಲಿ ಏನು ಬಂತು ಎಂದು ಅವನು ಮತ್ತೆ ಕೇಳಲಿಲ್ಲ, ಅವಳೇ ಹೇಳಿದಳು.

"ನನ್ನ ಕಾಲು ಎಲ್ಲಿರುತ್ತೆ ಅಂತ ಗೊತ್ತಾಯ್ತು."

"ಅದಕ್ಕೆ ಅಷ್ಟು ದುಡ್ಡು ಕೊಡ್ಬೇಕಿತ್ತಾ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ."

"ನೀನು ಹೇಳಿದ್ರೆ ನಾನು ಕೇಳ್ತಿದ್ನಾ?"

ಅವನು ಒಪ್ಪಿಕೊಂಡವನಂತೆ ನಕ್ಕು ಬಾನೆಟ್ಟು ಎತ್ತಿದ.

ಶೇರನ್ನು ಅವಳು ಬಿಡಲಿಲ್ಲ. ಬೆಳಿಗ್ಗೆ ಕೂತು, ಕಳೆದುಕೊಂಡರೂ ನಿದ್ದೆ ಕೆಡದಷ್ಟು ಮಾತ್ರ ಹಾಕಿ, ಅಲ್ಲಿಗೆ ಇಳಿದರೆ ತಾನಾಗಿ ಮಾರಾಟವಾಗುವಂತೆ ಗುರುತು ಹಾಕಿ, ಫೋನನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬೀಗ ಹಾಕಿಡುತ್ತಿದ್ದಳು. ಆ ಖಾನೆಯ ಬೀಗದ ಕೈ ಗ್ಯಾರೇಜಿನಲ್ಲಿ, ತಮ್ಮನ ಹತ್ತಿರ. ಕೆಲವು ದಿನ ಲಾಭ, ಕೆಲವು ದಿನ ನಷ್ಟ. ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೂ ತಿಳಿಯದು. ತಿಳಿಯುವವರೆಗೆ ಕಾಯುವುದು ಅವಳಿಗೆ ಈಗ ಕಷ್ಟವಾಗಲಿಲ್ಲ.

ಬದಲಿ ಕಾರಿಗೆ ತಮ್ಮ ಎರಡನೆಯ ಬ್ರೇಕು ಜೋಡಿಸಿಕೊಟ್ಟ. ಅದರ ಪಕ್ಕದಲ್ಲಿ ಒಂದು ರಬ್ಬರಿನ ತುಂಡನ್ನೂ ಅಂಟಿಸು ಎಂದು ಅವಳು ಹೇಳಿದಳು. ಯಾಕೆ ಎಂದರೆ, ಕಾಲಿಗೊಂದು ಮನೆ ಬೇಕು ಎಂದಳು.

ಆ ಕಾರಿನ ಮೊದಲ ಸವಾರಿ ನರ್ಸಮ್ಮನದು. ಮಾರುಕಟ್ಟೆಯ ಇಳಿಜಾರಿನಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಎರಡು ವ್ಯಾನುಗಳ ನಡುವಿನಿಂದ ಒಂದು ತಳ್ಳುಗಾಡಿಯ ಮೂತಿ ಹೊರಬಂತು. ಅವಳ ಪಾದಕ್ಕೆ ಅದು ಮೊದಲೇ ಕಂಡಿತು. ಇನ್ನೂ ಜಾಗವಿದೆ ಎಂದು ಕಣ್ಣು ಹೇಳಿತು. ಪಾದ ರಬ್ಬರಿನ ತುಂಡನ್ನೇ ಒತ್ತಿತು. ಅದನ್ನು ಅಲ್ಲೇ ಹಿಡಿದಳು. ಕಾರು ಕುಲುಕಿ, ಎಂಜಿನ್ ಆರಿ ನಿಂತಿತು. ತಳ್ಳುಗಾಡಿಯವನು ತನ್ನ ಪಾಡಿಗೆ ದಾಟಿ ಹೋದ.

ನರ್ಸಮ್ಮನ ಕೈ ಸ್ಟಿಯರಿಂಗಿಗೆ ಅಂಟಿಹೋಗಿತ್ತು. "ನೀವು ಒತ್ತಿದ್ದಾ ಮೇಡಂ?"

"ಇಲ್ಲ."

ನರ್ಸಮ್ಮ ಬಗ್ಗಿ ಅವಳ ಕಾಲನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು.

"ಎಂಜಿನ್ ಸ್ಟಾರ್ಟ್ ಮಾಡಿ. ಹಿಂದಿನವರು ಕಾಯ್ತಿದ್ದಾರೆ," ಎಂದಳು ಅವಳು.