ನೊಣದ ಮೇಷ್ಟ್ರ ಜೋಡಿ ಬಾಟಲಿ

"ಕೆಲಸವಿಲ್ಲದವರು ನೊಣ ಹೊಡೀತಾರೆ, ನಮ್ಮನೆಯವರು ನೊಣ ಎಣಿಸಿ ಸಂಬಳ ತರ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ಹೇಳಿದಾಗಲೆಲ್ಲ ನೊಣದ ಮೇಷ್ಟ್ರು ಅದನ್ನು ಹೊಗಳಿಕೆಯೆಂದೇ ತಿಳಿದು ಹಿಗ್ಗುತ್ತಾರೆ. ಪ್ರಯೋಗಾಲಯದಲ್ಲಿ ಅವರ ಬಾಟಲಿಗಳೆಲ್ಲ ಜೋಡಿಯಾಗಿಯೇ ಇರಬೇಕು. ಎರಡರಲ್ಲೂ ಒಂದೇ ತಳಿಯ ಇಪ್ಪತ್ತು ನೊಣ, ಅಷ್ಟೇ ಬಾಳೆಹಣ್ಣು, ಅಷ್ಟೇ ಬಿಸುಪು. "ಮುಂದಿನ ತಲೆಮಾರಿಗೆ ಎರಡರಲ್ಲೂ ಮುನ್ನೂರು, ಬರೆದಿಟ್ಕೊಳ್ಳಿ!" ಎಂದು ಗುಡುಗುತ್ತಾರೆ. ಕೊನೆಗೆ ನೋಡಿದರೆ ಒಂದರಲ್ಲಿ ಒಂಬೈನೂರು ಗಿಜಿಗುಡುತ್ತಿರುತ್ತವೆ, ಇನ್ನೊಂದರಲ್ಲಿ ಒಂಬತ್ತು ತೂಕಡಿಸುತ್ತಿರುತ್ತವೆ. ಮರುಸಲ ಎಲ್ಲ ತಿರುಗುಮುರುಗು. "ಸಾರ್, ಅವಕ್ಕೆ ನಿಮ್ಮ ಸೂತ್ರ ಓದೋಕೆ ಬರಲ್ಲ" ಎಂದು ಬಾಟಲಿ ತೊಳೆಯುವಾಕೆ ನಕ್ಕರೆ, "ಒಂದು ನೊಣ ಸೀನಿದ್ರೂ ಲೆಕ್ಕ ತಲೆಕೆಳಗಾಗುತ್ತಮ್ಮ" ಎಂದು ತಮ್ಮ ಮೀಸೆಯ ಮೇಲೆ ಕೂತದ್ದನ್ನೂ ಎಣಿಕೆಗೆ ಸೇರಿಸುತ್ತಾರೆ. ಜೋಡಿಯಲ್ಲಿ ಒಂದು ಪೂರಾ ಬರಿದಾದರೆ ಮಾತ್ರ ಅದನ್ನು ತೊಳೆಯಲು ಕೊಡುವುದಿಲ್ಲ, ಕಪಾಟಿನಲ್ಲಿ ಎತ್ತಿಡುತ್ತಾರೆ. "ಇದರ ನೊಣಗಳು ಏನು ತಪ್ಪು ಮಾಡಿದ್ವು ಸಾರ್?" ಎಂದು ಆಕೆ ಒಮ್ಮೆ ಕೇಳಿದಳು. "ಏನೂ ಇಲ್ಲಮ್ಮ" ಎಂದ ಮೇಷ್ಟ್ರು ಮೇಜಿನ ಮೇಲಿದ್ದ ಫೋಟೊ ಒರೆಸಿದರು. ಅದರಲ್ಲಿ ಒಂದೇ ಥಾನಿನ ಅಂಗಿ ತೊಟ್ಟ ಇಬ್ಬರು ಅವಳಿ ಹುಡುಗರು. "ಇಬ್ರಿಗೂ ಅದೇ ಜ್ವರ, ಅದೇ ಮದ್ದು. ತಮ್ಮ ಹೋದ. ನಾನೇನೂ ಹೆಚ್ಚು ಪುಣ್ಯ ಮಾಡಿರ್ಲಿಲ್ಲ."