ಅವ್ವ ಮುಟ್ಟಿ ನೋಡಿದ ಮುತ್ತು

ನಮ್ಮವ್ವ ಪುಸ್ತಕ ನೋಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಹಾಳೆ ತಿರುವುವುದು ನನ್ನ ಕೆಲಸ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಸುಗ್ಗಿ ಬಂತೆಂದರೆ ಹಿಂದಿನ ಪಡಸಾಲೆಯಲ್ಲಿ ಕಾಯಿಯ ರಾಶಿ ಬೀಳುತ್ತಿತ್ತು. ಓಣಿಯ ನಾಲ್ಕಾರು ಹೆಂಗಸರ ಜೊತೆ ಕೂತು ಅವ್ವ ಬೆಳಗಿನಿಂದ ಸಂಜೆಯವರೆಗೆ ತೊಟ್ಟು ಬಿಡಿಸುತ್ತಿದ್ದಳು. ನಮ್ಮೂರ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಉಗುರಿನ ಸಂದಿಯಲ್ಲಿ ಕೂತರೆ ಎಣ್ಣೆ ಹಚ್ಚಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಅಂಥ ಕೈಯಿಂದ ಕೂಸಿನ ಕೆನ್ನೆ ಮುಟ್ಟಬಾರದು, ಬಿಳಿ ಅರಿವೆ ಮುಟ್ಟಬಾರದು, ಪುಸ್ತಕವಂತೂ ಮುಟ್ಟಲೇಬಾರದು. ಯಾರೂ ಹೇರಿದ್ದಲ್ಲ, ಮನೆಯ ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಸುಗ್ಗಿ ಮುಗಿದು ಕೈ ಸ್ವಚ್ಛವಾದ ಮೇಲೂ ಅವ್ವನ ಕೈಗಳು ರೂಢಿಯಂತೆ ಬೆನ್ನ ಹಿಂದೆಯೇ ಹೋಗುತ್ತಿದ್ದವು.

ಮನೆಗೆ ಪುಸ್ತಕ ತಂದವನು ಸೋದರಮಾವ. ರಾಣೆಬೆನ್ನೂರಿನಲ್ಲಿ ಅವನದು ಸೀರೆ ಅಂಗಡಿ. ಮಾಲು ತರಲು ಮುಂಬಯಿಗೆ ಹೋದವನು ಒಂದು ಮಧ್ಯಾಹ್ನ ಸೆಖೆ ತಡೆಯಲಾರದೆ ಮ್ಯೂಸಿಯಂ ಒಳಗೆ ನುಗ್ಗಿದನಂತೆ. ಹೊರಗೆ ಬರುವಾಗ ಆ ಮ್ಯೂಸಿಯಂನವರೇ ಅಚ್ಚು ಹಾಕಿಸಿದ ಎರಡು ಪುಸ್ತಕ ಅವನ ಕಂಕುಳಲ್ಲಿದ್ದವು. ಒಂದು ದಪ್ಪನೆಯದು, ಹಳೆಯ ಕಾಲದ ಚಿತ್ರಗಳದ್ದು. ಗಿರಾಕಿಗಳಿಗೆ ಅಂಚು, ಬುಟ್ಟಾ ತೋರಿಸಲು ಅನುಕೂಲವಾದೀತೆಂದು ಅದನ್ನು ಅಂಗಡಿಯ ಗಾದಿಯ ಪಕ್ಕದಲ್ಲಿಟ್ಟ. ಅದು ಅವನಿಗೇ ತಿರುಗುಬಾಣವಾಯಿತು. ಹಲಗೇರಿಯಿಂದ ಮದುವೆ ಜವಳಿಗೆ ಬಂದ ಹೆಂಗಸರು ಪುಸ್ತಕದೊಳಗಿನ ರಾಣಿಯ ಮೇಲೆ ಬೆರಳಿಟ್ಟು, “ನಮಗ ಇದ ಅಂಚಿನ ಸೀರಿ ಬೇಕ್ರಿ, ಬ್ಯಾರೇದ್ದು ತೋರಿಸಬ್ಯಾಡ್ರಿ” ಎಂದು ಹಟ ಹಿಡಿದರು. “ಅಕಿ ಸತ್ತು ಮುನ್ನೂರು ವರ್ಷ ಆಗಿರಬೇಕ್ರಿ, ಅಕಿ ಸೀರಿ ಎಲ್ಲಿಂದ ತರ್ಲಿ?” ಎಂದು ಮಾವ ಕೈ ಮುಗಿದನಂತೆ. ಮರುದಿನವೇ ಆ ಪುಸ್ತಕ ಕಪಾಟು ಸೇರಿತು.

ತೆಳ್ಳನೆಯದು ಮಕ್ಕಳ ಪುಸ್ತಕ, ನನ್ನ ಪಾಲಿಗೆ ಬಂತು. ಅಕ್ಷರವೆಲ್ಲ ಇಂಗ್ಲಿಷು. ಅವ್ವ ಓದಿದ್ದು ಕನ್ನಡ ಸಾಲೆಯ ನಾಲ್ಕನೇ ಇಯತ್ತೆ, ನಾನಿನ್ನೂ ಅಲ್ಲಿಗೂ ಬಂದಿರಲಿಲ್ಲ. ಆದರೆ ಅಕ್ಷರದ ಹಂಗೇ ಬೇಕಿರಲಿಲ್ಲ. ಇಡೀ ಪುಸ್ತಕದಲ್ಲಿ ಇದ್ದದ್ದು ಒಂದೇ ಚಿತ್ರ. ಒಂದೊಂದು ಪುಟದಲ್ಲಿ ಅದರ ಒಂದೊಂದು ಚೂರನ್ನು ದೊಡ್ಡದು ಮಾಡಿ ಹಾಕಿದ್ದರು: ಗಿಳಿಯ ಕೊಕ್ಕು, ಕಳಚಿಟ್ಟ ಚಪ್ಪಲಿಯ ತುದಿ, ಹೂಜಿಯ ಕೊರಳು. ಕೊನೆಯ ಪುಟದಲ್ಲಿ ಪೂರ್ತಿ ಚಿತ್ರ. ಮಾಳಿಗೆಯ ಮೇಲೆ ಒಬ್ಬ ಹೆಂಗಸು ದಿಂಬಿಗೊರಗಿ ಕೂತಿದ್ದಾಳೆ, ಕೊರಳಲ್ಲಿ ಮುತ್ತಿನ ಸರ. ಹಿಂದೆ ನೋಡಿದ ಚೂರು ಇಲ್ಲಿ ಎಲ್ಲಿದೆಯೆಂದು ಹುಡುಕುವುದೇ ಆಟ.

ಈ ಆಟದಲ್ಲಿ ಅವ್ವನನ್ನು ಸೋಲಿಸಲು ನನ್ನಿಂದ ಆಗಲೇ ಇಲ್ಲ. ಕೆಂಪು ರಾಶಿಯಲ್ಲಿ ಬಿಳಿಚಿದ ಒಂದೇ ಒಂದು ಕಾಯಿಯನ್ನು ಕೂತಲ್ಲಿಂದಲೇ ಹಿಡಿಯುವ ಕಣ್ಣು ಅದು. ಕೈ ಹಿಂದೆ ಇರುತ್ತಿದ್ದುದರಿಂದ ಗದ್ದವನ್ನೇ ಚಾಚಿ ತೋರಿಸುತ್ತಿದ್ದಳು. “ಆ ಕಂಬದ ಮಗ್ಗಲಕ ನೋಡು, ದಿಂಬಿನ ಕೆಳಗ.”

“ಈಕಿ ಯಾರ ದಾರಿ ಕಾಯಾಕತ್ತಾಳ ಬೇ?” ಎಂದು ಒಮ್ಮೆ ಕೇಳಿದ್ದೆ.

“ಯಾರದೂ ಇಲ್ಲ. ಕೆಲಸ ಮುಗಿಸಿ ಕುಂತಾಳ, ಅಷ್ಟ” ಎಂದಿದ್ದಳು ಅವ್ವ.

ಐದನೇ ಇಯತ್ತೆಯಲ್ಲಿದ್ದಾಗ, ಸುಗ್ಗಿಯ ದಿನಗಳಲ್ಲೇ, ಒಂದು ಸಂಜೆ ಸಾಲೆಯಿಂದ ಬಂದು ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ, ಆ ಹೆಂಗಸಿನ ಮುತ್ತಿನ ಸರದ ಮೇಲೆ, ಕೆಂಪು ಬೆರಳಿನ ಗುರುತು. ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

“ಯವ್ವಾ, ಇದನ್ಯಾಕ ಮುಟ್ಟಿದಿ?”

“ಮುತ್ತು ಉಬ್ಬಿದಂಗ ಕಾಣತಿದ್ವು. ಖರೇನ ಉಬ್ಯಾವೇನು ಅಂತ ಮುಟ್ಟಿ ನೋಡಿದ್ನಿ. ಕೈ ತೊಳಕೊಂಡಿದ್ನವಾ.”

“ಹಾಳಿ ಮ್ಯಾಲೆ ಮುತ್ತು ಹೆಂಗ ಉಬ್ತಾವ? ನಿನಗ ಅಷ್ಟೂ ತಿಳೀದಿಲ್ಲೇನು?”

ಹಿಂದಿನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಇನ್ನೂ ಕೂತಿದ್ದರು. ಅವರಿಗೂ ಕೇಳಲಿ ಎಂದೇ ನಾನು ದನಿ ಎತ್ತಿದ್ದೆ. ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳಿಲ್ಲ. ಅವ್ವ ಸಿಟ್ಟಾಗಲಿಲ್ಲ. ರೊಟ್ಟಿಯ ಹಿಟ್ಟು ನಾದುತ್ತ, “ಹಾಳಿಯೊಳಗ ಇರಲಿಕ್ಕಿಲ್ಲ. ಖರೇ ಚಿತ್ರದಾಗ ಉಬ್ಬಿದ್ರೂ ಉಬ್ಬಿರಬೇಕು” ಎಂದಳು, ನನಗಲ್ಲ, ಹಿಟ್ಟಿಗೆ ಹೇಳಿದಂತೆ.

ನಾನು ರಬ್ಬರು ತಂದು ಉಜ್ಜಿದೆ. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದೆ. ಕೆಂಪು ಹೋಯಿತು, ಅದರ ಕೂಡ ಕಾಗದದ ಹೊಳಪೂ ಎರಡು ಮುತ್ತೂ ಹೋದವು. ಅಲ್ಲಿ ಕಾಗದದ ನಾರು ಬಿಳಿಯ ಜುಂಗಾಗಿ ಎದ್ದು ನಿಂತಿತು. ನನ್ನ ಕೆಲಸಕ್ಕೆ ನಾನೇ ಅಳುತ್ತ ಕೂತೆ. ಅಳುವುದಾದರೂ ಯಾವುದಕ್ಕೆಂದು ತಿಳಿಯುವ ವಯಸ್ಸಲ್ಲ.

ಆಮೇಲೆ ಎಷ್ಟು ಕರೆದರೂ ಅವ್ವ ಆ ಆಟಕ್ಕೆ ಬರಲಿಲ್ಲ. “ನೀನ ನೋಡವಾ, ನನಗ ಕೆಲಸೈತಿ” ಎನ್ನುವಳು. ನಗುತ್ತಲೇ ಹೇಳುವಳು. ಒಬ್ಬಳೇ ಆಡಿದೆ, ಎಲ್ಲ ಚೂರುಗಳೂ ಎಲ್ಲಿವೆಯೆಂದು ಮೊದಲೇ ಗೊತ್ತಿದ್ದ ಆಟ ಎಷ್ಟು ದಿನ ನಡೆದೀತು?

ದೊಡ್ಡವಳಾಗಿ ಹಾವೇರಿಯ ಒಂದು ಸಾಲೆಯಲ್ಲಿ ಟೀಚರ್ ಆದೆ. ಅವ್ವನನ್ನು ಮುಂಬಯಿಗೆ ಕರೆದೊಯ್ದು ಆ ಖರೇ ಚಿತ್ರದ ಮುಂದೆ ನಿಲ್ಲಿಸಬೇಕೆಂದು ಮನಸ್ಸಿನಲ್ಲಿತ್ತು. ಹೇಳಿಯೂ ಹೇಳಿದ್ದೆ. ಸುಗ್ಗಿ ಮುಗಿಯಲಿ ಎಂದು ಅವಳು, ಪರೀಕ್ಷೆ ಮುಗಿಯಲಿ ಎಂದು ನಾನು. ಹೀಗೆ ಮುಂದೂಡುತ್ತ ಬಂದೆವು, ಒಂದು ಬೇಸಿಗೆಯಲ್ಲಿ ಅವ್ವ ಹೋಗಿಬಿಟ್ಟಳು.

ಹೋದ ವರ್ಷ ಒಬ್ಬಳೇ ಹೋದೆ. ಪುಸ್ತಕದಲ್ಲಿ ಪುಟದ ತುಂಬ ಹರಡಿದ್ದ ಚಿತ್ರ ಅಲ್ಲಿ ಒಂದು ಗೇಣೂ ಇರಲಿಲ್ಲ, ಗಾಜಿನ ಹಿಂದೆ ಮಬ್ಬು ಬೆಳಕಿನಲ್ಲಿತ್ತು. ಮುಟ್ಟಬಾರದೆಂದು ಬರೆದ ಫಲಕದ ಮುಂದೆ ಜನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ನೋಡುತ್ತಿದ್ದರು. ದೊಡ್ಡ ದೊಡ್ಡವರೆಲ್ಲ ನಮ್ಮವ್ವನ ಹಾಗೆಯೇ ನಿಂತಿದ್ದರು. ನೇರವಾಗಿ ನೋಡಿದರೆ ಏನೂ ತಿಳಿಯಲಿಲ್ಲ. ಮೊಣಕಾಲೂರಿ ಕೂತು ಓರೆಯಿಂದ ನೋಡಿದೆ. ಆಗ ಕಂಡಿತು. ಮುತ್ತುಗಳು ಉಬ್ಬಿದ್ದವು. ಸಾಸಿವೆಗಿಂತ ಸಣ್ಣ, ದಪ್ಪ ಬಿಳಿ ಬಣ್ಣದ ಹನಿಗಳು. ಒಂದೊಂದಕ್ಕೂ ಅದರದೇ ನೆರಳಿತ್ತು.

“ಉಬ್ಯಾವ ಬೇ” ಎಂದೆ, ತುಸು ಜೋರಾಗಿಯೇ. ಕಾವಲಿಗಿದ್ದವನು ಹತ್ತಿರ ಬಂದು ಏನಾದರೂ ಬೇಕೇ ಎಂದು ಹಿಂದಿಯಲ್ಲಿ ಕೇಳಿದ. ಬೇಡ ಎಂದೆ. ಸುಳ್ಳು. ಆ ಹೊತ್ತಿನಲ್ಲಿ ನನಗೆ ಅವ್ವ ಬೇಕಿತ್ತು, ಅವಳ ಮುಂದೆ ಸೋಲಬೇಕಿತ್ತು.

ಕೆಳಗಿನ ಪುಸ್ತಕದಂಗಡಿಯಲ್ಲಿ ಅದೇ ಮಕ್ಕಳ ಪುಸ್ತಕ, ಹೊಸ ಮುದ್ರಣ, ಸಾಲಾಗಿ ಇಟ್ಟಿದ್ದರು. ಒಂದನ್ನು ತೆಗೆದು ಕೊನೆಯ ಪುಟ ತೆರೆದೆ. ಸರದಲ್ಲಿ ಎಲ್ಲ ಮುತ್ತೂ ಇದ್ದವು. ಬೆರಳಾಡಿಸಿದೆ. ಇಡೀ ಪುಟ ನುಣ್ಣಗಿತ್ತು. ಇದ್ದಲ್ಲೇ ಇಟ್ಟು ಬಂದೆ.

ಹಾವೇರಿಗೆ ಬಂದ ದಿನವೇ ಟ್ರಂಕಿನ ತಳದಿಂದ ನನ್ನ ಹಳೆಯ ಪುಸ್ತಕ ಹುಡುಕಿ ತೆಗೆದೆ. ಅವ್ವನ ಬೆರಳಿನ ಗುರುತು ಎಲ್ಲಾದರೂ ಚೂರು ಉಳಿದಿದೆಯೇನೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇರಲಿಲ್ಲ, ಚೊಕ್ಕಟವಾಗಿಯೇ ಅಳಿಸಿದ್ದೆ. ಕಣ್ಣು ಮುಚ್ಚಿ ಪುಟದ ಮೇಲೆ ಬೆರಳೆಳೆದೆ. ಗಿಳಿ ತಿಳಿಯಲಿಲ್ಲ, ಕಂಬ ತಿಳಿಯಲಿಲ್ಲ, ದಿಂಬು ತಿಳಿಯಲಿಲ್ಲ. ಅವ್ವ ಮುಟ್ಟಿದ ಜಾಗ ಒಂದೇ ತಿಳಿಯಿತು. ಅಲ್ಲಿ ಮಾತ್ರ ಕಾಗದ ಇನ್ನೂ ಉಬ್ಬಿಕೊಂಡಿದೆ.